ಹಾಡಿದವರ ಹೆಸರು ಎಲ್ಲಿ ಬರೆಯುವುದು?

ಟಿವಿಯ ಹಾಡಿನ ಸ್ಪರ್ಧೆಗೆ ಹೋಗಿ ಬಂದವರಿಗೆ ನಮ್ಮ ಕಡೆ ಸಿಗುವ ಮರ್ಯಾದೆಗೆ ಒಂದು ಕ್ರಮವಿದೆ. ಮೊದಲು ಬಸ್‌ಸ್ಟ್ಯಾಂಡಿನ ಎದುರು ಬ್ಯಾನರ್. ಆಮೇಲೆ ಹಲಗಿ ಬಾರಿಸುತ್ತ ಟ್ರ್ಯಾಕ್ಟರಿನ ಮೇಲೆ ಮೆರವಣಿಗೆ. ಸಾಲಿಯಲ್ಲಿ ಸತ್ಕಾರ, ಮಠದಲ್ಲಿ ಶಾಲು, ಮುಂದಿನ ಜಾತ್ರೆಗೆ ರಸಮಂಜರಿಯ ಕರೆ. ಇತ್ತೀಚೆಗೆ ಇದಕ್ಕೆ ಮತ್ತೊಂದು ಸೇರಿಕೊಂಡಿದೆ. ಬ್ಯಾನರು ಮಳೆಗಾಲಕ್ಕೆ ಹರಿಯುತ್ತದೆ, ಶಾಲು ಟ್ರಂಕು ಸೇರುತ್ತದೆ; ಹೆಸರು ಉಳಿಯಬೇಕಾದರೆ ವಿಕಿಪೀಡಿಯಾದಲ್ಲಿ ಒಂದು ಪುಟ ಬೇಕು ಎಂದು ಊರಿನವರೇ ಕೇಳತೊಡಗಿದ್ದಾರೆ.

ಅಫಜಲಪುರ ತಾಲೂಕಿನ ನಮ್ಮ ಗೊಬ್ಬೂರಿನಲ್ಲಿ ನನ್ನನ್ನು ಹಾಗೆ ಕೇಳಿದವರು ಒಬ್ಬ ಹಿರಿಯರು, ಭಜನಿ ಮೇಳದಲ್ಲಿ ಏಕತಾರಿ ಹಿಡಿದು ಕೂಡುವವರು. ನಾನು ಕನ್ನಡ ವಿಕಿಪೀಡಿಯಾಕ್ಕೆ ಆಗಾಗ ಬರೆಯುತ್ತೇನೆಂದು ಅವರಿಗೆ ಗೊತ್ತು.

“ತಮ್ಮಾ, ನಮ್ಮ ಹುಡುಗ ಟಿವ್ಯಾಗ ಹಾಡಿ ಬಂದಾನ. ಇಡೀ ಕರ್ನಾಟಕ ನೋಡ್ಯಾದ. ಅವನ ಹೆಸರ ಆ ವಿಶ್ವಕೋಶದಾಗ ಯಾಕಿಲ್ಲ? ನೀ ಕುಂತು ಒಂದ್ ಪುಟ ಬರದ್ರ ಏನ ಹೋಗ್ತದ?”

“ಹಂಗ ಬರೀಲಾಕ ಬರಂಗಿಲ್ಲ ಕಾಕಾ. ಅದಕ್ಕೊಂದು ನಿಯಮ ಅದ.”

“ನಿಯಮ ಇರ್ಲಿ. ಹುಡುಗ ಛಲೋ ಹಾಡ್ತಾನೋ ಇಲ್ಲೋ, ಅಷ್ಟ ಹೇಳು.”

ಛಲೋ ಹಾಡುತ್ತಾನೆ. ತಾರಕಕ್ಕೆ ಏರಿದಾಗಲೂ ಅವನ ದನಿ ಒಡೆಯುವುದಿಲ್ಲ; ತತ್ವಪದ ಹಾಡಿದರೆ ಮಾತು ಮಾತು ಬಿಡಿಬಿಡಿಯಾಗಿ ಕೇಳುತ್ತದೆ. ಆದರೆ ಕಾಕಾ ಕೇಳಿದ್ದಕ್ಕೆ ಉತ್ತರ ಅವನ ಕಂಠದಲ್ಲಿ ಸಿಗುವಂಥದ್ದಲ್ಲ. ಅದನ್ನು ಹುಡುಕಲು ಸೇಡಂ ದಾರಿಯ ಮಳಖೇಡದವರೆಗೂ, ಭೀಮೆಯ ಆಚೆಯ ಹಲಸಂಗಿಯವರೆಗೂ ಹೋಗಿ ಬರಬೇಕು. ಅವಸರವೇನಿಲ್ಲ.

ಮೊದಲು ಆ ನಿಯಮ ಏನೆಂದು ನೋಡೋಣ. ಇಂಗ್ಲಿಷ್ ವಿಕಿಪೀಡಿಯಾ ಶುರುವಾದದ್ದು 2001ರ ಜನವರಿ 15ರಂದು, ಕನ್ನಡದ್ದು 2003ರಲ್ಲಿ. ಯಾರು ಬೇಕಾದರೂ ಬರೆಯಬಹುದು, ಆದರೆ ಯಾರ ಬಗ್ಗೆ ಬೇಕಾದರೂ ಬರೆಯುವಂತಿಲ್ಲ. ಒಬ್ಬ ವ್ಯಕ್ತಿಯ ಮೇಲೆ ಲೇಖನ ಬೇಕೆಂದರೆ, ಅವನಿಗೂ ಅವನ ಬಳಗಕ್ಕೂ ಸಂಬಂಧವಿಲ್ಲದ ನಂಬಿಕಸ್ಥ ಪತ್ರಿಕೆಗಳೋ ಪುಸ್ತಕಗಳೋ ಅವನ ಬಗ್ಗೆ ಮೊದಲೇ ವಿವರವಾಗಿ ಬರೆದಿರಬೇಕು. ಇದನ್ನೇ ಗಮನಾರ್ಹತೆ ಎನ್ನುತ್ತಾರೆ. ಸಂಗೀತಗಾರರಿಗೆ ಇಂಗ್ಲಿಷ್ ವಿಕಿಪೀಡಿಯಾದಲ್ಲಿ ಬೇರೆಯದೇ ಒಂದು ಪಟ್ಟಿ ಇದೆ: ಹೆಸರಾಂತ ಕಂಪನಿಯಿಂದ ಎರಡಾದರೂ ಆಲ್ಬಂ ಬಂದಿರುವುದು, ದೊಡ್ಡ ಸಂಗೀತ ಸ್ಪರ್ಧೆಯೊಂದರಲ್ಲಿ ಮೊದಲ ಮೂರು ಸ್ಥಾನಗಳಲ್ಲಿ ಒಂದು ಸಿಕ್ಕಿರುವುದು, ಹೀಗೆ. ಇಂಥ ಒಂದು ಗುಣವಿದ್ದರೆ ಲೇಖನಕ್ಕೆ ಅರ್ಹತೆ ಇರಬಹುದು ಎಂದಷ್ಟೇ ಅರ್ಥ, ಇದ್ದೇ ಇದೆ ಎಂದಲ್ಲ. ಅಲ್ಲೇ ಒಂದು ಎಚ್ಚರಿಕೆಯನ್ನೂ ಕೊಟ್ಟಿದ್ದಾರೆ. ಗಾಯಕನ ಹೆಸರು ಜನಕ್ಕೆ ಗೊತ್ತಾದದ್ದು ಟಿವಿ ರಿಯಾಲಿಟಿ ಷೋ ಒಂದರಿಂದಲೇ ಆಗಿದ್ದರೆ, ಬೇರೆ ಸಾಧನೆ ಕಾಣುವವರೆಗೂ ಆ ಹೆಸರು ಹುಡುಕಿ ಬಂದವರನ್ನು ಕಾರ್ಯಕ್ರಮದ ಪುಟಕ್ಕೇ ಕಳಿಸಬಹುದು.

ಲೇಖನ ಇರಬೇಕೋ ತೆಗೆಯಬೇಕೋ ಎಂದು ತಕರಾರು ಬಂದರೆ ಸಾಮಾನ್ಯವಾಗಿ ಏಳು ದಿನ ಚರ್ಚೆ ನಡೆಯುತ್ತದೆ. ಇರಲಿ, ಬೇಡ, ಬೇರೊಂದು ಲೇಖನಕ್ಕೆ ಸೇರಿಸಿ ಎಂದು ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಕೊನೆಗೆ ತೀರ್ಮಾನ ಬರೆಯುವವರು ಕೈಗಳನ್ನು ಎಣಿಸುವುದಿಲ್ಲ, ಯಾರು ಯಾವ ಆಧಾರ ಕೊಟ್ಟರು ಎಂದು ನೋಡುತ್ತಾರೆ. ಟಿವಿ ಸ್ಪರ್ಧೆಗೂ ಇದಕ್ಕೂ ಇರುವ ದೊಡ್ಡ ವ್ಯತ್ಯಾಸ ಇದೇ. ಅಲ್ಲಿ ಊರಿನ ಹುಡುಗರೆಲ್ಲ ಮೊಬೈಲ್ ಹಿಡಿದು ರಾತ್ರಿಯಿಡೀ ಮತ ಹಾಕಿದರೆ ನಮ್ಮವನು ಮುಂದಿನ ಸುತ್ತಿಗೆ ಹೋಗಬಹುದು. ಇಲ್ಲಿ ಇಡೀ ತಾಲೂಕೇ ‘ಇರಲಿ’ ಎಂದು ಬರೆದರೂ, ಅವನ ಬಗ್ಗೆ ಬೇರೆಯವರು ಬರೆದ ಒಂದು ಪುಟ ತೋರಿಸದಿದ್ದರೆ ಉಪಯೋಗವಿಲ್ಲ.

ಇಷ್ಟು ಕೇಳಿದ ಕಾಕಾಗೆ ಸಿಟ್ಟು ಬಂತು. “ಅಂದ್ರ ಪೇಪರಿನವ್ರು ಬರದ್ರ ದೊಡ್ಡಾಂವ, ಬರೀಲಿಲ್ಲಂದ್ರ ಸಣ್ಣಾಂವ. ಇದೆಂಥಾ ನ್ಯಾಯಾರೀ?” ಸಿಟ್ಟು ಬಂದಾಗ ಅವರು ನನ್ನಂಥ ಕಿರಿಯರಿಗೂ ‘ರೀ’ ಹಚ್ಚುತ್ತಾರೆ.

ನ್ಯಾಯದ ಪ್ರಶ್ನೆ ಸರಿಯಾದದ್ದೇ. ಅದಕ್ಕೆ ನಾನು ಕೊಟ್ಟ ಉತ್ತರವನ್ನು ಈಗಲೂ ನಂಬುತ್ತೇನೆ. ವಿಶ್ವಕೋಶ ಯಾರಿಗೂ ದೊಡ್ಡಸ್ತಿಕೆ ಕೊಡುವುದಿಲ್ಲ. ಬೇರೆಯವರು ಕಂಡು, ಕೇಳಿ, ಪರಿಶೀಲಿಸಿ ಬರೆದದ್ದನ್ನು ಅದು ಒಂದು ಕಡೆ ಕೂಡಿಸಿಡುತ್ತದೆ. ನಾನು ನನ್ನ ಕಿವಿಯನ್ನೇ ನಂಬಿ ‘ಇವನು ಕಲ್ಯಾಣ ಕರ್ನಾಟಕದ ಶ್ರೇಷ್ಠ ಗಾಯಕ’ ಎಂದು ಬರೆದರೆ, ನಾಳೆ ಆಳಂದದವರೊಬ್ಬರು ತಮ್ಮ ಅಳಿಯನ ಬಗ್ಗೆ ಅದನ್ನೇ ಬರೆಯುತ್ತಾರೆ, ನಾಡಿದ್ದು ಜೇವರ್ಗಿಯವರೊಬ್ಬರು ಬರೆಯುತ್ತಾರೆ. ಚಾಮರಾಜನಗರದಲ್ಲಿ ಕುಳಿತು ಓದುವ ಹುಡುಗಿಗೆ ಈ ಮೂವರಲ್ಲಿ ಯಾರನ್ನು ನಂಬಬೇಕೆಂದು ತಿಳಿಯುವ ದಾರಿ ಇರುವುದಿಲ್ಲ. ನಿಯಮ ಇರುವುದು ಅವಳ ಸಲುವಾಗಿ.

ಕಾಕಾನ ಸಿಟ್ಟಿಗೆ ಒಂದು ಹಿನ್ನೆಲೆಯೂ ಇದೆ. ಅವರು ಹರದೇಶಿ ನಾಗೇಶಿ ಕೇಳಿ ಬೆಳೆದವರು. ಟಿವಿ ಬರುವುದಕ್ಕೆ ಎಷ್ಟೋ ಮೊದಲು ಭೀಮಾ ಸೀಮೆಯಲ್ಲಿದ್ದ ಹಾಡಿನ ಸ್ಪರ್ಧೆ ಅದು. ಜಾತ್ರೆ, ಉರುಸು, ಮೊಹರಂ ಬಂತೆಂದರೆ ಎರಡು ಗೀಗೀ ಮೇಳಗಳನ್ನು ಎದುರುಬದುರು ನಿಲ್ಲಿಸುತ್ತಾರೆ. ಹರದೇಶಿಯವರು ಪುರುಷನೇ ಹೆಚ್ಚು, ಶಿವನೇ ಹೆಚ್ಚು ಎಂದು ಹಾಡಿದರೆ, ನಾಗೇಶಿಯವರು ಶಕ್ತಿಯೇ ಹೆಚ್ಚು ಎಂದು ಎದುರಾಗುತ್ತಾರೆ. ಒಬ್ಬರದು ತುರಾಯಿ, ಒಬ್ಬರದು ಕಲ್ಗಿ. ದಪ್ಪು, ತುಂತುಣಿ ಹಿಡಿದು ಹಾಡಿನಲ್ಲೇ ಸವಾಲು, ಹಾಡಿನಲ್ಲೇ ಜವಾಬು. ಪುರಾಣ ಗೊತ್ತಿರಬೇಕು, ಲೆಕ್ಕ ಗೊತ್ತಿರಬೇಕು, ನಿಂತ ನಿಲುವಿನಲ್ಲೇ ಪದ ಕಟ್ಟುವುದು ಬರಬೇಕು. ಬೆಳಗಾಗುವ ಹೊತ್ತಿಗೆ ಯಾರು ಸೋತರು, ಯಾರು ಗೆದ್ದರು ಎಂಬುದು ಕುಳಿತ ಮಂದಿಗೆ ಗೊತ್ತಾಗಿರುತ್ತದೆ. ಇಂಥ ಸ್ಪರ್ಧೆಯಲ್ಲಿ ಉತ್ತರ ಕೊಡಲಾಗದೆ ಎದುರಿನ ಮೇಳ ಸುಮ್ಮನಾದದ್ದನ್ನು ಕಾಕಾ ಇವತ್ತಿಗೂ ಕಣ್ಣಿಗೆ ಕಟ್ಟುವಂತೆ ಹೇಳುತ್ತಾರೆ. ಅಂದು ಗೆದ್ದವರ ಹೆಸರು ಎಲ್ಲಿದೆ? ಕಾಕಾನ ನೆನಪಿನಲ್ಲಿದೆ. ಅದರಾಚೆ ಎಲ್ಲೂ ಇಲ್ಲ. ತನ್ನ ಕಣ್ಣೆದುರೇ ಇಷ್ಟು ಹೆಸರು ಅಳಿದದ್ದನ್ನು ಕಂಡವರು ಈ ಒಬ್ಬ ಹುಡುಗನದಾದರೂ ಉಳಿಯಲಿ ಎಂದು ಹಟ ಹಿಡಿದರೆ ಅದು ಸಣ್ಣ ಆಸೆಯಲ್ಲ.

ಟಿವಿ ಕಾಲಕ್ಕೆ ಬರೋಣ. ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರು ಈಟಿವಿ ಕನ್ನಡದಲ್ಲಿ ‘ಎದೆ ತುಂಬಿ ಹಾಡುವೆನು’ ನಡೆಸಿಕೊಟ್ಟಾಗ ಮನೆಮಂದಿಯೆಲ್ಲ ಊಟದ ತಟ್ಟೆ ಹಿಡಿದು ಟಿವಿ ಮುಂದೆ ಕೂಡುತ್ತಿದ್ದರು. ಜೀ ಕನ್ನಡ ವಾಹಿನಿ 2006ರಲ್ಲಿ ಬಂತು. ಅದರ ‘ಸರಿಗಮಪ’ ಸೀಸನ್ ಮೇಲೆ ಸೀಸನ್ ನಡೆದಿದೆ. ಈ ವೇದಿಕೆಗಳು ಉತ್ತರ ಕರ್ನಾಟಕಕ್ಕೆ ಮಾಡಿದ ಉಪಕಾರವನ್ನು ನಾನು ಮರೆಯಲಾರೆ. ಬೆಂಗಳೂರಿನ ರೆಕಾರ್ಡಿಂಗ್ ಸ್ಟುಡಿಯೊದ ದಾರಿ ಗೊತ್ತಿಲ್ಲದ ಹಳ್ಳಿಯ ಹುಡುಗರು ಹಂಸಲೇಖರ ಎದುರು ನಿಂತು ಹಾಡಿದರು.

ಅವರಲ್ಲಿ ಎಲ್ಲರಿಗೂ ಗೊತ್ತಿರುವ ಹೆಸರು ಹನುಮಂತ ಲಮಾಣಿಯವರದು. ಹಾವೇರಿ ಜಿಲ್ಲೆಯ ಸವಣೂರು ತಾಲೂಕಿನ ಚಿಲ್ಲೂರು ಬಡ್ನಿಯ ಕುರಿಗಾಹಿ. ಸರಿಗಮಪದ 15ನೇ ಸೀಸನ್ನಿಗೆ ಬಂದು ಜನಪದ ಹಾಡು ಹಾಡಿ 2019ರಲ್ಲಿ ರನ್ನರ್ ಅಪ್ ಆದರು. ಆ ಸಲ ಗೆದ್ದವರು ಕೀರ್ತನ್ ಹೊಳ್ಳ. ಆ ದಿನಗಳಲ್ಲಿ ಹನುಮಂತರ ಮೇಲೆ ಲೇಖನ ಬೇಕೇ ಎಂದು ಯಾರಾದರೂ ಕೇಳಿದ್ದರೆ ಎರಡೂ ಕಡೆ ವಾದಿಸಬಹುದಿತ್ತು. ಎರಡನೇ ಸ್ಥಾನ ಸಿಕ್ಕಿದೆಯಲ್ಲ ಎನ್ನಬಹುದಿತ್ತು. ಒಂದೇ ಕಾರ್ಯಕ್ರಮದ ಹೆಸರಲ್ಲವೇ, ಎರಡು ವರ್ಷ ಹೋಗಲಿ, ನೋಡೋಣ ಎಂದೂ ಹೇಳಬಹುದಿತ್ತು. ಆಮೇಲೆ ಬಿಗ್ ಬಾಸ್ ಕನ್ನಡದ 11ನೇ ಸೀಸನ್ನಿಗೆ ನಡುವೆ ವೈಲ್ಡ್ ಕಾರ್ಡ್ ಮೂಲಕ ಸೇರಿದ ಅವರು 2025ರ ಜನವರಿಯಲ್ಲಿ ಗೆದ್ದೇಬಿಟ್ಟರು. 50 ಲಕ್ಷ ರೂಪಾಯಿ ಬಹುಮಾನ, 5 ಕೋಟಿಗೂ ಮೀರಿದ ಮತ. ಆ ಮತಗಳ ಸಂಖ್ಯೆಯನ್ನು ವಿಶ್ವಕೋಶ ಲೆಕ್ಕಕ್ಕೆ ಹಿಡಿಯುವುದಿಲ್ಲ. ಹಿಡಿಯುವುದು ಬೇರೊಂದನ್ನು: ಆರು ವರ್ಷಗಳ ಅಂತರದಲ್ಲಿ ಎರಡು ಬೇರೆ ಬೇರೆ ಸಂದರ್ಭಗಳಲ್ಲಿ, ಬೇರೆ ಬೇರೆ ಪತ್ರಿಕೆಗಳು ಅವರ ಊರು, ಕುರಿ ಕಾಯುವ ಕೆಲಸ, ಹಾಡಿನ ಬಗೆ ಎಲ್ಲವನ್ನೂ ಬರೆದಿವೆ. ಲಂಬಾಣಿ ತಾಂಡಾದ ಹುಡುಗನೊಬ್ಬ ಕನ್ನಡದ ಜನಪ್ರಿಯ ಸಂಸ್ಕೃತಿಯಲ್ಲಿ ಇಷ್ಟು ದೊಡ್ಡ ಜಾಗ ಪಡೆದದ್ದು ಮುಂದೆ ಓದುವವರಿಗೆ ತಿಳಿಯಬೇಕಾದ ಸಂಗತಿ. ಹನುಮಂತರ ಮೇಲೆ ಲೇಖನ ಬೇಕು. ನನ್ನ ಮಟ್ಟಿಗೆ ಇದರಲ್ಲಿ ಎರಡು ಮಾತಿಲ್ಲ.

ಆದರೆ ಹನುಮಂತರನ್ನು ಅಳತೆಗೋಲು ಮಾಡಿ ಉಳಿದವರನ್ನು ಅಳೆಯುವುದು ತಪ್ಪು. ಗೆಲುವು ಸೋಲಿಗೂ ಮುಂದಿನ ಬಾಳಿಗೂ ಸಂಬಂಧವೇ ಇಲ್ಲದ ಉದಾಹರಣೆಗಳು ಎಷ್ಟಿಲ್ಲ! 2005ರಲ್ಲಿ ‘ಫೇಮ್ ಗುರುಕುಲ್’ ಎಂಬ ಹಿಂದಿ ಸ್ಪರ್ಧೆ ನಡೆಯಿತು. ಗೆದ್ದವರು ಕಾಜಿ ತೌಕೀರ್ ಮತ್ತು ರೂಪರೇಖಾ ಬ್ಯಾನರ್ಜಿ. ಅಂತಿಮ ಸುತ್ತಿಗೂ ಮುಟ್ಟದೆ ಹೊರಬಿದ್ದವರಲ್ಲಿ ಬಂಗಾಳದ ಒಬ್ಬ ಹುಡುಗನಿದ್ದ, ಹೆಸರು ಅರಿಜಿತ್ ಸಿಂಗ್. ಅಮೆರಿಕದ ‘ಅಮೆರಿಕನ್ ಐಡಲ್’ನಲ್ಲಿ 2004ರಲ್ಲಿ ಏಳನೇ ಸ್ಥಾನಕ್ಕೆ ನಿಂತ ಜೆನಿಫರ್ ಹಡ್ಸನ್ ಮೂರೇ ವರ್ಷದಲ್ಲಿ ಆಸ್ಕರ್ ಹಿಡಿದರು. 2005ರಲ್ಲಿ ಅರಿಜಿತ್ ಮೇಲೆ ಲೇಖನ ಬರೆಯಲು ಒಬ್ಬ ಅಭಿಮಾನಿ ಹೊರಟಿದ್ದರೆ, ತಡೆದವರು ತಪ್ಪು ಮಾಡಿದಂತೆ ಆಗುತ್ತಿರಲಿಲ್ಲ. ಆಗ ಬರೆಯಲು ಇದ್ದದ್ದು ಒಂದು ಸಾಲು. ಹತ್ತು ವರ್ಷದ ನಂತರ ಬರೆಯಲು ಇಡೀ ಪುಟ ಸಾಲದಾಯಿತು. ಇವತ್ತು ‘ಬೇಡ’ ಎಂದ ಮಾತ್ರಕ್ಕೆ ಎಂದೆಂದಿಗೂ ಬೇಡ ಎಂದಾಗುವುದಿಲ್ಲ. ಸ್ಪರ್ಧೆಯಿಂದ ಹೊರಬಿದ್ದ ಹುಡುಗರಿಗೂ, ಅವರ ತಾಯ್ತಂದೆಯರಿಗೂ ನಾನು ಇದನ್ನೇ ಹೇಳುತ್ತ ಬಂದಿದ್ದೇನೆ.

ಕೋಶ ಬರೆಯುವವರು ಎಡವಿದ ಪ್ರಸಂಗವೂ ಇದೆ, ಮುಚ್ಚಿಡುವುದು ಬೇಡ. 2018ರ ಮೇ ತಿಂಗಳಲ್ಲಿ ಕೆನಡಾದ ಭೌತವಿಜ್ಞಾನಿ ಡೊನ್ನಾ ಸ್ಟ್ರಿಕ್‌ಲ್ಯಾಂಡ್ ಅವರ ಮೇಲಿನ ಕರಡು ಲೇಖನವನ್ನು ‘ಸಾಕಷ್ಟು ಆಧಾರವಿಲ್ಲ’ ಎಂದು ಇಂಗ್ಲಿಷ್ ವಿಕಿಪೀಡಿಯಾ ತಿರಸ್ಕರಿಸಿತು. ಅದೇ ಅಕ್ಟೋಬರಿನಲ್ಲಿ ಅವರಿಗೆ ನೊಬೆಲ್ ಬಂತು. ಅಷ್ಟು ದೊಡ್ಡ ಕೆಲಸ ಮಾಡಿದವರ ಬಗ್ಗೆಯೇ ಹೊರಗಿನವರು ಬರೆದದ್ದು ಅಷ್ಟು ಕಡಿಮೆ ಇತ್ತು ಎಂದರೆ, ನಮ್ಮ ಭಜನಿ ಮೇಳದವರ ಗತಿ ಏನು?

ಆಧಾರ ಎಂದು ಜನ ತಂದುಕೊಡುವುದರಲ್ಲಿ ಜೊಳ್ಳೂ ಬಹಳ ಇರುತ್ತದೆ. ಯೂಟ್ಯೂಬಿನಲ್ಲಿ ಇಷ್ಟು ಲಕ್ಷ ಜನ ನೋಡಿದ್ದಾರೆ ಎಂಬ ಲೆಕ್ಕ ಆಧಾರವಲ್ಲ. ವಾಹಿನಿಯವರು ಕಳಿಸಿದ ಪ್ರಕಟಣೆ ಐದು ಪತ್ರಿಕೆಗಳಲ್ಲಿ ಅಕ್ಷರ ಬದಲಾಗದೆ ಬಂದಿದ್ದರೆ ಅದು ಐದು ಆಧಾರವಲ್ಲ, ಒಂದು. ಅದೂ ಕಾರ್ಯಕ್ರಮ ಮಾಡುವವರೇ ಬರೆದದ್ದು. ಸ್ಪರ್ಧೆ ನಡೆದಿರುವಾಗ ಬರುವ ಸುದ್ದಿಯಲ್ಲಿ ಮನೆಯ ಬಡತನ, ತಂದೆಯ ಕಾಯಿಲೆ, ತಾಯಿಯ ಕಣ್ಣೀರು ಇವೇ ಮುಂದೆ ಇರುತ್ತವೆ. ಹುಡುಗ ಯಾರ ಹತ್ತಿರ ಕಲಿತ, ಯಾವ ಧಾಟಿ ಅವನದು ಎಂಬುದು ಸಿಗುವುದಿಲ್ಲ. 2017ರಲ್ಲಿ ಸುಹಾನಾ ಸೈಯದ್ ಸರಿಗಮಪದಲ್ಲಿ ಹಿಂದೂ ಭಕ್ತಿಗೀತೆಯೊಂದನ್ನು ಹಾಡಿದಾಗ ದೇಶದ ತುಂಬ ಸುದ್ದಿಯಾಯಿತು. ಆ ಸುದ್ದಿಗಳ ತುಂಬ ಇದ್ದದ್ದು ಅವರನ್ನು ನಿಂದಿಸಿದವರ ಮಾತು, ಬೆಂಬಲಿಸಿದವರ ಮಾತು. ಅವರ ಕಂಠದ ಬಗ್ಗೆ ಎರಡು ಸಾಲು ಹುಡುಕುವುದು ಕಷ್ಟವಿತ್ತು. ಅಂಥ ಸುದ್ದಿಗಳಿಂದಲೇ ಒಬ್ಬ ಗಾಯಕಿಯ ಜೀವನಚರಿತ್ರೆ ಕಟ್ಟಿದರೆ, ಅವರ ಬಾಳನ್ನು ಬೇರೆಯವರ ಜಗಳಕ್ಕೆ ಕಟ್ಟಿಹಾಕಿದಂತೆ.

ಇಲ್ಲಿ ನನಗೆ ಎಲ್ಲಕ್ಕಿಂತ ಚಿಂತೆ ಆಗುವುದು ಮಕ್ಕಳದು. ಲಿಟಲ್ ಚಾಂಪ್ಸ್ ಎಂದು ಎಂಟು ಹತ್ತು ವರ್ಷದ ಮಕ್ಕಳು ವೇದಿಕೆಗೆ ಬರುತ್ತಾರೆ. ಮುದ್ದಾಗಿ ಹಾಡುತ್ತಾರೆ, ಮುದ್ದಾಗಿ ಅಳುತ್ತಾರೆ, ನಾಡಿಗೆ ನಾಡೇ ಅವರನ್ನು ಎತ್ತಿ ಆಡಿಸುತ್ತದೆ. ಹದಿನೈದನೇ ವಯಸ್ಸಿಗೆ ಗಂಡುಹುಡುಗನ ಕಂಠ ಒಡೆಯುತ್ತದೆ. ಕೆಲವರಿಗೆ ಹಾಡು ಮತ್ತೆ ಕೂಡುತ್ತದೆ, ಕೆಲವರಿಗೆ ಇಲ್ಲ. ಮುಂದೆ ಅವರು ನರ್ಸ್ ಆಗುತ್ತಾರೆ, ಅಂಗಡಿ ಇಡುತ್ತಾರೆ, ಹೊಲ ಮಾಡುತ್ತಾರೆ. ಒಂಬತ್ತನೇ ವಯಸ್ಸಿನಲ್ಲಿ ‘ಎಲಿಮಿನೇಟ್ ಆಗಿ ವೇದಿಕೆಯಲ್ಲೇ ಅತ್ತಳು’ ಎಂಬ ಸಾಲು ಮೂವತ್ತನೇ ವಯಸ್ಸಿನಲ್ಲೂ ಅವಳ ಹೆಸರು ಹುಡುಕಿದಾಗ ಮೊದಲು ಬರಬೇಕೇ? ಬೀಗರ ಮನೆಯವರು ಅದನ್ನೇ ಓದಬೇಕೇ? ಬದುಕಿರುವವರ ಬಗ್ಗೆ ಬರೆಯುವಾಗ ಬಿಗಿಯಾದ ಎಚ್ಚರ ಬೇಕೆಂದು ವಿಕಿಪೀಡಿಯಾ ನಿಯಮವನ್ನೇ ಮಾಡಿಕೊಂಡಿದೆ. ಮಗುವಿನ ವಿಷಯದಲ್ಲಿ ನನ್ನ ನಿಲುವು ಇನ್ನೂ ಬಿಗಿ. ಆಧಾರ ಎಷ್ಟೇ ಇರಲಿ, ಸ್ಪರ್ಧೆಯೊಂದೇ ಅದರ ಹೆಸರಿಗೆ ಕಾರಣವಾಗಿದ್ದರೆ ಬೇರೆ ಪುಟ ಬೇಡ. ಕಾರ್ಯಕ್ರಮದ ಪುಟದಲ್ಲಿ ವರ್ಷ, ಸ್ಥಾನ, ಹೆಸರು ಇದ್ದರೆ ಸಾಕು. ದೊಡ್ಡವಳಾಗಿ ಅವಳು ಹಾಡುಗಾರ್ತಿಯೇ ಆದರೆ ಪುಟಕ್ಕೆ ಬೇಕಾದದ್ದು ತಾನಾಗಿಯೇ ಕೂಡಿಬರುತ್ತದೆ.

ಪುಟಕ್ಕಾಗಿ ದುಡ್ಡು ಕೊಡುವ ಮಾತನ್ನು ಇಲ್ಲಿ ಒಂದೇ ಉಸಿರಿಗೆ ಹೇಳಿ ಮುಗಿಸುತ್ತೇನೆ: ‘ಇಷ್ಟು ಕೊಡಿ, ನಿಮ್ಮ ಹೆಸರಿನ ಪುಟ ಮಾಡಿಸುತ್ತೇವೆ’ ಎನ್ನುವವರು ಬಂದರೆ ಬಾಗಿಲು ಹಾಕಿಕೊಳ್ಳಿ. ಹಣ ಪಡೆದು ಬರೆಯುವವರು ಅದನ್ನು ಬಹಿರಂಗವಾಗಿ ಹೇಳಬೇಕೆಂಬ ನಿಯಮವಿದೆ. ಆಧಾರವಿಲ್ಲದ ಪುಟ ಹೇಗೂ ಅಳಿಯುತ್ತದೆ, ಹೋದ ದುಡ್ಡು ತಿರುಗಿ ಬರುವುದಿಲ್ಲ.

ಈಗ ಮಳಖೇಡಕ್ಕೆ ಹೋಗೋಣ. ಕಾಗಿಣಾ ದಂಡೆಯ ಈ ಊರು ರಾಷ್ಟ್ರಕೂಟರ ಮಾನ್ಯಖೇಟ. ಒಂಬತ್ತನೆಯ ಶತಮಾನದಲ್ಲಿ ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ ‘ಕವಿರಾಜಮಾರ್ಗ’ ಹುಟ್ಟಿತು. ಅದರಲ್ಲಿ ತನಗಿಂತ ಹಿಂದಿನ ಕನ್ನಡ ಬರಹಗಾರರ ಒಂದು ಪಟ್ಟಿ ಇದೆ. ಗದ್ಯಕ್ಕೆ ವಿಮಳೋದಯ, ನಾಗಾರ್ಜುನ, ಜಯಬಂಧು, ದುರ್ವಿನೀತ. ಪದ್ಯಕ್ಕೆ ಶ್ರೀವಿಜಯ, ಕವೀಶ್ವರ, ಪಂಡಿತ, ಚಂದ್ರ, ಲೋಕಪಾಲ. ಇವರು ಬರೆದ ಆ ಕೃತಿಗಳು ನಮ್ಮ ಕೈಗೆ ಬಂದಿಲ್ಲ. ವಿಮಳೋದಯನ ಒಂದು ವಾಕ್ಯವನ್ನೂ ನಾವು ಓದಿಲ್ಲ. ಆದರೂ ಅವನಿದ್ದ ಎಂದು ಗೊತ್ತು. ಹೇಗೆ? ಅವನ ಬಂಧುವಲ್ಲದ, ಅಭಿಮಾನಿ ಸಂಘದವನಲ್ಲದ ಇನ್ನೊಬ್ಬ ಬರಹಗಾರ ಅವನ ಹೆಸರನ್ನು ತನ್ನ ಗ್ರಂಥದಲ್ಲಿ ಬರೆದಿಟ್ಟ. ನಮ್ಮದೇ ಜಿಲ್ಲೆಯ ನೆಲದಲ್ಲಿ, ಸಾವಿರದ ನೂರೈವತ್ತು ವರ್ಷಗಳ ಹಿಂದೆ. ಕಾಕಾಗೆ ಈ ಪಟ್ಟಿಯ ಕಥೆ ಹೇಳಿದಾಗ ಅವರು ಬಹಳ ಹೊತ್ತು ಯೋಚಿಸಿ, “ಅಂದ್ರ ಹೆಸರು ಉಳೀಬೇಕಂದ್ರ ಹೊರಗಿನಾಂವ ಒಬ್ಬ ಬರೀಬೇಕಾತಿಲ್ಲೋ” ಎಂದರು. ಅಷ್ಟೇ ವಿಷಯ.

ಆರ್. ನರಸಿಂಹಾಚಾರ್ಯರು ‘ಕರ್ಣಾಟಕ ಕವಿಚರಿತೆ’ಯ ಮೂರು ಸಂಪುಟಗಳನ್ನು 1907, 1919 ಮತ್ತು 1929ರಲ್ಲಿ ಹೊರತಂದರು. ಪಂಪ, ರನ್ನರಿಗೆ ಪುಟಗಟ್ಟಲೆ ಜಾಗ. ಜೊತೆಗೇ, ಬೇರೊಬ್ಬ ಕವಿ ಹೆಸರು ಹೇಳಿದ್ದರಿಂದ ಮಾತ್ರ ಗೊತ್ತಾದವನಿಗೂ ಕೆಲವು ಸಾಲು. ಸಣ್ಣವನೆಂದು ಬಿಡಲಿಲ್ಲ, ಇಲ್ಲದ್ದನ್ನು ಸೇರಿಸಿ ದೊಡ್ಡವನನ್ನಾಗಿ ಮಾಡಲೂ ಇಲ್ಲ. ಸಿಕ್ಕ ಆಧಾರ ಎಷ್ಟೋ ಅಷ್ಟು. ಕೋಶದ ಕೆಲಸಕ್ಕೆ ಇದಕ್ಕಿಂತ ಒಳ್ಳೆಯ ಗುರು ನನಗೆ ಕಂಡಿಲ್ಲ.

ಕೋಶದ ಕೆಲಸ ನಮಗೆ ಹೊಸದೂ ಅಲ್ಲ. ಕಲಬುರಗಿಯಿಂದ 80 ಕಿಲೋಮೀಟರ್ ಆಸುಪಾಸಿನ ಕಲ್ಯಾಣದಲ್ಲಿ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಹನ್ನೆರಡನೆಯ ಶತಮಾನದಲ್ಲಿ ಬರೆದ ಸಂಸ್ಕೃತದ ‘ಮಾನಸೋಲ್ಲಾಸ’ ವಿಶ್ವಕೋಶವೇ. ರಾಜ್ಯಭಾರ, ಅಡುಗೆ, ಆನೆ, ಆಟಗಳ ಜೊತೆಗೆ ಗೀತವಿನೋದಕ್ಕೂ ಅದರಲ್ಲಿ ಜಾಗವಿದೆ. ನಮ್ಮ ಕಾಲದಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ‘ಕನ್ನಡ ವಿಶ್ವಕೋಶ’ದ ಮೊದಲ ಸಂಪುಟ 1969ರಲ್ಲಿ, ಹದಿನಾಲ್ಕನೆಯದು 2004ರಲ್ಲಿ ಬಂತು. ಅದು ಅಕಾರಾದಿ. ‘ಅ’ ಅಕ್ಷರದ ಸಂಪುಟ ಅಚ್ಚಾದ ಮೇಲೆ ಹೆಸರು ಮಾಡಿದ ಅನಂತನೋ ಅಕ್ಕಮ್ಮನೋ ಮುಂದಿನ ಪರಿಷ್ಕರಣೆಗೆ ಕಾಯಬೇಕಿತ್ತು. ಈಗ ಆ ತೊಂದರೆ ಇಲ್ಲ. ಆಧಾರ ಸಿಕ್ಕ ದಿನವೇ ಲೇಖನ ಬರೆಯಬಹುದು. ಕನ್ನಡ ವಿಕಿಪೀಡಿಯಾದಲ್ಲಿ ಈಗ ಮೂವತ್ತು ಸಾವಿರಕ್ಕೂ ಮಿಕ್ಕಿ ಲೇಖನಗಳಿವೆ; ಇಂಗ್ಲಿಷಿನಲ್ಲಿ ಎಪ್ಪತ್ತು ಲಕ್ಷ. ಈ ಅಂತರ ನೋಡಿದರೆ ನಮ್ಮಲ್ಲಿ ಜಾಗಕ್ಕೆ ಬರವಿಲ್ಲ, ಬರೆಯುವ ಕೈಗಳಿಗೆ ಬರ.

ಆಧಾರಗಳಿಗೂ ಬರ. ನಿಜವಾದ ಅನ್ಯಾಯ ಇರುವುದು ಅಲ್ಲೇ. ಬೆಂಗಳೂರಿನ ಗಾಯಕನೊಬ್ಬ ಒಂದು ಸಂಜೆ ಹಾಡಿದರೆ ಮರುದಿನ ವಿಮರ್ಶೆ ಬರುತ್ತದೆ. ನಮ್ಮಲ್ಲಿ ಒಬ್ಬ ರಾತ್ರಿಯಿಡೀ ತತ್ವಪದ ಹಾಡಿದರೆ ಬೆಳಗಿನ ಚಹಾದೊಂದಿಗೆ ಮುಗಿಯಿತು. ಬಂದರೂ ಕಲಬುರಗಿ ಆವೃತ್ತಿಯ ಜಿಲ್ಲಾ ಪುಟದಲ್ಲಿ ನಾಲ್ಕು ಸಾಲು: ‘ಇಂಥವರು ಸಂಗೀತ ಸೇವೆ ಸಲ್ಲಿಸಿದರು, ಇಂಥವರು ತಬಲಾ ಸಾಥ್ ನೀಡಿದರು’. ಅಂತರಜಾಲದಲ್ಲಿ ಅದು ಒಂದೆರಡು ವರ್ಷಕ್ಕೆ ಸಿಗದಂತಾಗುತ್ತದೆ.

ಭೀಮೆಯ ಆಚೆಯ ಹಲಸಂಗಿಯಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ ಮುಂತಾದ ಗೆಳೆಯರು ಕೂಡಿ 1931ರಲ್ಲಿ ‘ಗರತಿಯ ಹಾಡು’ ತಂದರು. ಅವರು ಹಾಡು ಉಳಿಸಿದ್ದಕ್ಕೆ ಕನ್ನಡ ನಾಡು ಋಣಿ. ಆದರೆ ಬೀಸುವ ಕಲ್ಲಿನ ಮುಂದೆ ಕುಳಿತು ಆ ತ್ರಿಪದಿಗಳನ್ನು ಕಟ್ಟಿದ ಹೆಂಗಸರ ಹೆಸರುಗಳನ್ನು ಅವರಿಗಿಂತ ಹಿಂದೆ ಯಾರೂ ಬರೆದಿಟ್ಟಿರಲಿಲ್ಲ, ಹಾಗಾಗಿ ಅವು ಹೋದವು. ನಮ್ಮ ತಾಲೂಕಿನ ಬಿದನೂರಿನಲ್ಲಿ ಹುಟ್ಟಿ ಜೇವರ್ಗಿ ಸೀಮೆಯ ಕಡಕೋಳದಲ್ಲಿ ನೆಲೆಸಿದ ಮಡಿವಾಳಪ್ಪನವರ ಪದಗಳು ಅಂಕಿತದಿಂದ ಉಳಿದವು, ಶಿಷ್ಯರು ಕೈಬರಹದಲ್ಲಿ ಇಟ್ಟುಕೊಂಡದ್ದರಿಂದ ಉಳಿದವು. ಅವನ್ನು ತಲೆಮಾರಿನಿಂದ ತಲೆಮಾರಿಗೆ ಹಾಡುತ್ತ ಬಂದ ಏಕತಾರಿಯವರ ಹೆಸರು ಮಾತ್ರ ಯಾವ ಪುಸ್ತಕದಲ್ಲೂ ಕಾಣುವುದು ಅಪರೂಪ. ನಮ್ಮ ಕಾಕಾನೇ ಒಬ್ಬರು.

ಹೀಗಾಗಿ ಟಿವಿಗೆ ಹೋಗಿ ಬಂದವರಿಗಿಂತ ಹೋಗದವರ ಬಗ್ಗೆ ನನಗೆ ಹೆಚ್ಚು ಕಾಳಜಿ. ಕಲಬುರಗಿ ಆಕಾಶವಾಣಿ 1966ರಿಂದ ಇದೆ. ಅಲ್ಲಿ ಹಾಡಬೇಕೆಂದರೆ ಧ್ವನಿಪರೀಕ್ಷೆ ಪಾಸಾಗಬೇಕು. ಬಿ, ಬಿ ಹೈ, ಎ ಎಂದು ಶ್ರೇಣಿ ಕೊಡುತ್ತಾರೆ. ಹಾಡುವವರ ಮುಖ ನೋಡದೆ, ಮನೆಯ ಕಥೆ ಕೇಳದೆ, ದನಿಯೊಂದನ್ನೇ ಕೇಳಿ ಕೊಡುವ ಶ್ರೇಣಿ ಅದು. ಗಾಯಕನ ಯೋಗ್ಯತೆಗೆ ಟಿವಿಯ ಹದಿನಾರು ಕಂತಿಗಿಂತ ಇದು ಗಟ್ಟಿ ಸಾಕ್ಷಿ ಎಂದು ನಾನು ಭಾವಿಸುತ್ತೇನೆ. ಅಂಥ ಕಲಾವಿದರ ಬಗ್ಗೆ ಒಂದು ನೆಟ್ಟನೆಯ ಲೇಖನ, ಒಂದು ಸಂದರ್ಶನ, ಒಂದು ಅಭಿನಂದನ ಗ್ರಂಥದ ಅಧ್ಯಾಯ ಬಂದರೆ ಪುಟಕ್ಕೆ ಅಡಿಪಾಯ ಸಿಕ್ಕಂತೆ.

ಇನ್ನು ನಮ್ಮ ಹುಡುಗನ ತೀರ್ಮಾನ. ಅವನ ಬಗ್ಗೆ ಸಿಕ್ಕದ್ದನ್ನೆಲ್ಲ ಕೂಡಿಸಿ ನೋಡಿದೆ: ವಾಹಿನಿಯ ಪ್ರಕಟಣೆ, ಮೆರವಣಿಗೆಯ ಸುದ್ದಿ, ಸನ್ಮಾನದ ಫೋಟೊ. ಮೊದಲ ಮೂರು ಸ್ಥಾನ ಸಿಕ್ಕಿಲ್ಲ. ಸಿನಿಮಾ ಹಾಡು, ಆಲ್ಬಂ ಇನ್ನೂ ಇಲ್ಲ. ಅವನ ಹಾಡಿಕೆಯ ಬಗ್ಗೆ ಹೊರಗಿನವರು ವಿವರವಾಗಿ ಬರೆದದ್ದು ಒಂದೂ ಇಲ್ಲ. ಹಾಗಾಗಿ ಈಗ ಅವನ ಹೆಸರಿನ ಪುಟ ಬೇಡ, ಕಾರ್ಯಕ್ರಮದ ಪುಟದ ಸ್ಪರ್ಧಿಗಳ ಪಟ್ಟಿಯಲ್ಲಿ ಅವನ ಹೆಸರು ಮತ್ತು ಊರು ಇರಲಿ ಎಂದು ಕಾಕಾಗೆ ಹೇಳಿದೆ. ಅವರು ಒಪ್ಪಲಿಲ್ಲ, ಬೈಯಲೂ ಇಲ್ಲ. “ಆತು, ಮುಂದ ಅವ ಏನರ ಮಾಡಿದ್ರ ನೀನ ಬರೀಬೇಕ ನೋಡು” ಎಂದು ಮಾತು ತೆಗೆದುಕೊಂಡರು. ಕೊಟ್ಟಿದ್ದೇನೆ.

ಓದುಗರಲ್ಲಿ ನನ್ನದೊಂದು ಕೋರಿಕೆ. ನಿಮ್ಮೂರಿನಲ್ಲಿ ಹಾಡುವವರಿದ್ದರೆ, ಅವರು ಟಿವಿಗೆ ಹೋಗಿರಲಿ ಬಿಡಲಿ, ಅವರ ಬಗ್ಗೆ ನಿಮ್ಮ ಜಿಲ್ಲೆಯ ಪತ್ರಿಕೆಗೆ ಒಂದು ಲೇಖನ ಬರೆಯಿರಿ. ಯಾರ ಹತ್ತಿರ ಕಲಿತರು, ಯಾವ ಪದ ಹಾಡುತ್ತಾರೆ, ಯಾವ ವರ್ಷ ಎಲ್ಲಿ ಹಾಡಿದರು ಎಂದು ಅವರನ್ನೇ ಕೇಳಿ ಬರೆಯಿರಿ. ಅಚ್ಚಾದ ಪುಟವನ್ನು ಪತ್ರಿಕೆಯ ಹೆಸರು, ತಾರೀಖು, ಪುಟಸಂಖ್ಯೆ ಸಮೇತ ಕತ್ತರಿಸಿ ಇಟ್ಟುಕೊಳ್ಳಿ, ಒಂದು ಪ್ರತಿ ಊರಿನ ಗ್ರಂಥಾಲಯಕ್ಕೆ ಕೊಡಿ. ವಿಶ್ವಕೋಶದ ಲೇಖನ ಆಮೇಲೆ ಬರೆಯುವುದು ಕಷ್ಟವಲ್ಲ, ಅದಕ್ಕೆ ನಾವಿದ್ದೇವೆ.